ದೊಡ್ಡವ್ವ ನಿಂತ ಜಾಗ

ನನ್ನನ್ನು ಶಾಲೆ ಬಿಡಿಸಿದ್ದು ದಡ್ಡ ಅಂತಲ್ಲ. ಏಳನೇ ಇಯತ್ತೆ ಮಹಡಿಯ ಮೇಲಿತ್ತು, ಅಷ್ಟೇ. ಶಾಲೆ ಶುರುವಾಗುವ ಮುಂಚಿನ ಬಲೂನು ಹಬ್ಬದಲ್ಲಿ ಕೈ ಕಡಿಮೆ ಬಿದ್ದವೆಂದು ನಾನೂ ಒಂದು ಹಗ್ಗ ಹಿಡಿದಿದ್ದೆ. ಬಲೂನು ಮೇಲೆ ಹೋಯಿತು, ಅದರ ಭಾರ ನನ್ನಲ್ಲಿ ಉಳಿಯಿತು. ಶಾಲೆ ಶುರುವಾದ ದಿನ ನಾನು ಮೆಟ್ಟಿಲು ಹತ್ತಿ ವರ್ಗದೊಳಗೆ ಕಾಲಿಟ್ಟರೆ ಕೆಳಗೆ ಮೂರನೇ ಇಯತ್ತೆಯ ಮಕ್ಕಳ ತಲೆಯ ಮೇಲೆ ಸುಣ್ಣ ಉದುರಿತು. ಹೆಡ್ ಮಾಸ್ತರರು ನನ್ನನ್ನು ಅಂಗಳಕ್ಕೆ ಕರೆದು, "ಯಮನೂರಪ್ಪ, ನೀ ಶ್ಯಾಣ್ಯಾ ಅದೀ ಖರೆ, ಆದ್ರ ಬಿಲ್ಡಿಂಗ್ ಶ್ಯಾಣ್ಯಾ ಇಲ್ಲಪಾ" ಅಂದರು. ಅಂಗಳದಲ್ಲೇ ಕೂತು ಕಲಿಯುತ್ತೇನೆ ಅಂದೆ. ಅಂಗಳದಲ್ಲಿ ಏಳನೇ ಇಯತ್ತೆ ಇಲ್ಲ ಅಂದರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯಲಿ ಅಂತ ನನಗೆ ಅನಿಸಿಯೂ ಇಲ್ಲ.

ಬೇರೆ ಊರುಗಳಲ್ಲಿ ಬಲೂನು ಬರೇ ಬಿಸಿಗಾಳಿಯಿಂದ ಏರುತ್ತದಂತೆ. ಏರಲಿ ಬಿಡಿ. ನಮ್ಮೂರಲ್ಲೂ ಬೆಂಕಿ ಹಚ್ಚುತ್ತಾರೆ, ಬಟ್ಟೆ ಉಬ್ಬುತ್ತದೆ, ಎದ್ದು ನಿಲ್ಲುತ್ತದೆ. ಆದರೆ ನೆಲ ಬಿಡಬೇಕೆಂದರೆ ಕೆಳಗೆ ನಮ್ಮೂರಿನವರೊಬ್ಬರು ಅದರ ಹಗ್ಗ ಹಿಡಿದಿರಬೇಕು, ಪೈಲಟ್ಟು ಹೆಬ್ಬೆರಳು ಎತ್ತಿದ ಹೊತ್ತಿಗೆ ಕೈ ಬಿಡಬೇಕು. ಕೈ ಬಿಟ್ಟ ಕೂಡಲೇ ಬಲೂನು ತನ್ನ ಭಾರವನ್ನು ಬಿಟ್ಟವರ ಮೈಗೆ ಇಳಿಸಿ ತಾನು ಹಗುರಾಗಿ ಹೋಗುತ್ತದೆ. ಇಳಿದ ಭಾರ ಮತ್ತೆ ಏರುವುದಿಲ್ಲ. ನೋಡುವುದಕ್ಕೆ ನಾವು ದಪ್ಪ ಆಗುವುದಿಲ್ಲ, ಅಂಗಿ ಬಿಗಿಯಾಗುವುದಿಲ್ಲ. ನೆಲಕ್ಕೆ ಮಾತ್ರ ಗೊತ್ತಾಗುತ್ತದೆ. ಊರಿನವರು ನಮ್ಮನ್ನು ಹಗ್ಗದವರು ಎನ್ನುತ್ತಾರೆ.

ಹಗ್ಗದವರ ಮನೆಗಳಿಗೆ ಮಹಡಿ ಇರುವುದಿಲ್ಲ. ಮಲಗಲು ಕಲ್ಲಿನ ಕಟ್ಟೆ, ಕೂರಲು ಕಲ್ಲಿನ ಕಟ್ಟೆ. ಬಸ್ಸಿನ ಕಂಡಕ್ಟರು ನಮ್ಮನ್ನು ನೋಡಿದರೆ ಸಾಕು, "ಹಗ್ಗದವ್ರು ನಡುವಿನ ಸೀಟಿಗೆ ಬರ್ರಿ, ಎಲ್ಲಾರೂ ಒಂದs ಬಾಜೂಕ ಕುಂದರಬ್ಯಾಡ್ರಿ" ಎಂದು ಒದರುತ್ತಾನೆ. ಸಂಬಂಧ ನೋಡಲು ಬಂದವರು ಹುಡುಗಿಗೆ ಅಡಿಗೆ ಬರುತ್ತದೋ ಹಾಡು ಬರುತ್ತದೋ ಎಂದು ಕೇಳುವ ಮೊದಲು, "ಎಷ್ಟು ಬಲೂನು ಬಿಟ್ಟಾಳ್ರಿ?" ಎಂದು ಕೇಳುತ್ತಾರೆ. ಕೆಲವರು ಆ ಮಾತಿಗೆ ಹಿಂದೆ ಸರಿಯುತ್ತಾರೆ. ಸರಿಯಲಿ. ಅಂಥವರ ಮನೆ ನೆಲ ನಮ್ಮ ಹುಡುಗಿಯರಿಗೆ ತಾಳುವುದಿಲ್ಲ.

ನನ್ನ ದೊಡ್ಡವ್ವ ಫಕೀರವ್ವ ಹಗ್ಗದವರಲ್ಲೇ ಹಿರಿಯಳು. ನನ್ನ ಅವ್ವನ ಅಕ್ಕ. ಕಸಬರಿಗೆಯಂಥ ಮೈ, ಗಾಳಿ ಬೀಸಿದರೆ ಸೆರಗಿನ ಜೊತೆ ಹಾರಿಹೋಗುತ್ತಾಳೇನೋ ಎನಿಸುವಂಥ ಆಳು. ಆದರೆ ಆಕೆ ಓಣಿಯಲ್ಲಿ ನಡೆದು ಬಂದರೆ ಮನೆಮನೆಯ ಕೊಡದ ನೀರು ನಡುಗುತ್ತಿತ್ತು. ಅಳುವ ಕೂಸುಗಳು ಆ ಸಪ್ಪಳಕ್ಕೆ ಗಪ್ಪಾಗಿ ನಿದ್ದೆ ಹೋಗುತ್ತಿದ್ದವು. ಮಳೆಗಾಲದಲ್ಲಿ ಆಕೆಯ ಹೆಜ್ಜೆ ಮೂಡಿದ ಕಡೆ ನೀರು ನಿಂತು ಕಪ್ಪೆಮರಿ ಆಗುತ್ತಿದ್ದವು. ರೊಟ್ಟಿ ಬಡಿಯಲು ಕೂತರೆ ಹಿಟ್ಟು ನಾದುವ ಮರದ ಕೊಣಮಿಗೆಯೇ ಒಡೆಯುತ್ತದೆಂದು ಆಕೆಯನ್ನು ಯಾರೂ ಒಲೆಯ ಹತ್ತಿರ ಬಿಡುತ್ತಿರಲಿಲ್ಲ. "ಪುಣ್ಯಾ ಮಾಡೀನಿ" ಎಂದು ಆಕೆ ನಗುತ್ತಿದ್ದಳು.

ಹಬ್ಬ ಎಂದರೆ ಜನ ಮೇಲೆ ನೋಡುತ್ತಾರೆ. ಬಣ್ಣಬಣ್ಣದ ಬಲೂನು, ಬುಟ್ಟಿಯಲ್ಲಿ ಕೈ ಬೀಸುವ ಪೈಲಟ್ಟು, ಸ್ಟೇಜಿನ ಮೇಲೆ ಕಪ್ಪು, ಪೇಪರಿನಲ್ಲಿ ಫೋಟೋ. ಕೆಳಗೆ ಏನಾಗುತ್ತದೆ ಎಂದು ಯಾರಿಗೂ ಬೇಡ. ಹೊತ್ತು ಮೂಡುವ ಮುಂಚೆ ತಾಡಪತ್ರಿ ಹಾಸುವವರು ನಾವು, ಅದರ ಮೇಲಿನ ಮುಳ್ಳು, ಹರಳು ಆರಿಸುವವರು ನಾವು. ಬಟ್ಟೆ ಬಿಚ್ಚಿ ಹರವಿ, ಫ್ಯಾನು ಹಚ್ಚಿ, ಅದರ ಬಾಯಿಯನ್ನು ಎರಡೂ ಕಡೆಯಿಂದ ಜಗ್ಗಿ ಹಿಡಿದು ನಿಂತರೆ ಬೆಂಕಿಯ ಝಳಕ್ಕೆ ಹುಬ್ಬಿನ ಕೂದಲು ಸುಟ್ಟು ವಾಸನೆ ಬರುತ್ತದೆ. ಹಗ್ಗ ಬಿಟ್ಟ ಮೇಲಾದರೂ ಮುಗಿಯಿತೇ? ತಾಡಪತ್ರಿ ಸುತ್ತು, ಫ್ಯಾನು ಹೊರು, ಟ್ರ್ಯಾಕ್ಟರ್ ಹತ್ತು, ಬಲೂನಿನ ಹಿಂದೆ ಓಡು. ಅದು ಯಾರದೋ ಶೇಂಗಾ ಹೊಲದಲ್ಲಿ ಇಳಿದಿರುತ್ತದೆ. ಹೊಲದವನು ಬೈಯುತ್ತ ನಿಂತಿರುತ್ತಾನೆ, ಪೈಲಟ್ಟು ಅವನೊಂದಿಗೆ ಸೆಲ್ಫಿ ತೆಗೆದುಕೊಳ್ಳುತ್ತಿರುತ್ತಾನೆ. ನಾವು ಬಟ್ಟೆಯ ಮೇಲೆ ಉರುಳಾಡಿ ಅದರ ಗಾಳಿ ಹಿಂಡಿ, ಚೀಲಕ್ಕೆ ತುರುಕಿ, ಚೀಲದ ಮೇಲೆ ಕೂರುತ್ತೇವೆ. ಇಷ್ಟಕ್ಕೆ ಒಂದು ತಟ್ಟೆ ಉಪ್ಪಿಟ್ಟು, ಬೆನ್ನ ಮೇಲೆ ಎಣ್ಣೆ ಕಂಪನಿಯ ಹೆಸರಿರುವ ಒಂದು ಟೀ ಶರ್ಟು. ನಾನು ಅದನ್ನು ಯಾವಾಗಲೂ ತಿರುವಿ ಹಾಕಿಕೊಳ್ಳುತ್ತೇನೆ.

ಹೀಗೆ ಭಾರ ಹೊತ್ತವರಿಗೆ ಒಂದು ಕೊನೆಯ ಬಲೂನು ಬರುತ್ತದೆ. ಅದನ್ನು ಬಿಟ್ಟ ಮೇಲೆ ಕಾಲು ನೆಲ ಬಿಟ್ಟು ಏಳುವುದಿಲ್ಲ. ಎಲ್ಲಿ ನಿಂತು ಕೈ ಬಿಟ್ಟರೋ ಅಲ್ಲೇ ಮುಂದಿನ ಆಯುಷ್ಯ. ಅದು ಹತ್ತಿರ ಬಂದದ್ದು ಚಪ್ಪಲಿಯಲ್ಲಿ ಗೊತ್ತಾಗುತ್ತದೆ. ಹೆಜ್ಜೆ ಎತ್ತಿದರೆ ಚಪ್ಪಲಿ ಒಂದೇ ಸಲಕ್ಕೆ ಏಳುವುದಿಲ್ಲ, ಕೀಳಬೇಕಾಗುತ್ತದೆ. ಅಲ್ಲಿಗೆ ಬಹಳ ಜನ ಹಗ್ಗದ ಕೆಲಸವನ್ನೇ ಬಿಟ್ಟು, ಹರಿದ ಬಲೂನು ಹೊಲಿಯುವ ಶೆಡ್ಡಿನಲ್ಲಿ ಕೂತುಬಿಡುತ್ತಾರೆ. ಅದರಲ್ಲಿ ಅವಮಾನ ಏನಿಲ್ಲ. ಆದರೂ ಕೊನೆಯದನ್ನು ಬಿಡುತ್ತೇನೆ ಎನ್ನುವವರು ಜಾಗ ನೋಡಿ ಬಿಡಬೇಕು. ಹೊನ್ನೂರಸಾಬ ನೋಡಲಿಲ್ಲ. ಅವನ ಬಲೂನು ಸುಳಿಗಾಳಿಗೆ ಸಿಕ್ಕಿ, ಅವನನ್ನು ಹಬ್ಬದ ಬೈಲಿನಿಂದ ಎಳೆದುಕೊಂಡು ಹೋಗಿ, ಬಸ್ ಸ್ಟ್ಯಾಂಡಿನ ಮೂತ್ರಿಯ ಮುಂದೆ ತಂದು ನಿಲ್ಲಿಸಿತು. ಗಾಬರಿಯಲ್ಲಿ ಅಲ್ಲೇ ಕೈ ಬಿಟ್ಟ. ಜನ ನಾಚಿಕೆಯಿಂದ ಅವನಿಗೆ ನಮಸ್ಕಾರ ಹೇಳಿ ಒಳಗೆ ಹೋಗುತ್ತಿದ್ದರು, ಬರುವಾಗ ಇನ್ನೊಮ್ಮೆ ಹೇಳುತ್ತಿದ್ದರು. ಕಡೆಗೆ ಮೂತ್ರಿಯನ್ನೇ ಆ ಕಡೆಗೆ ಸರಿಸಿ, ಅವನ ಸುತ್ತ ಒಂದು ಚಾದಂಗಡಿ ಕಟ್ಟಿಕೊಟ್ಟರು. ಚಾ ಛಲೋ ಮಾಡುತ್ತಿದ್ದ. ಸಾಯುವ ತನಕ ಅಂಗಡಿಯ ಹೆಸರು ಮಾತ್ರ ಮೂತ್ರಿ ಹೋಟೆಲ್ಲು ಅಂತಲೇ ಇತ್ತು.

ಹೋದ ಸಲದ ಹಬ್ಬಕ್ಕೆ ಮುಂಚೆ ದೊಡ್ಡವ್ವನ ಚಪ್ಪಲಿ ಕೀಳದೆ ಏಳುತ್ತಿರಲಿಲ್ಲ. ಶೆಡ್ಡಿನಲ್ಲಿ ಸೂಜಿ ಹಿಡಿದು ಕೂತಿದ್ದ ಜೈತುನಬಿ, ಹಬ್ಬದಲ್ಲಿ ಇನ್ನೂ ಹಗ್ಗ ಹಿಡಿದು ಉಳಿದ ದಿನ ಹೊಲಿಯುವವಳು, "ಫಕೀರಕ್ಕಾ, ಸಾಕು ಮಾಡು. ನನ್ನ ಬಾಜೂಕ ಬಂದು ಕುಂದರು, ಇಬ್ಬರೂ ಊರ ಮಂದೀನ್ನ ಬೈಕೋತ ಹೊಲಿಯೂಣು" ಅಂದಳು.

"ಇಷ್ಟು ವರ್ಷ ಹಿಡಿದು ಕಡೀದು ಒಂದು ಬಿಡಲೇನು?" ಅಂದಳು ದೊಡ್ಡವ್ವ. "ನನಗ ನಡು ಬೈಲಾಗ ನಿಂದರಬೇಕಂತ ಮನಸ್ಸಾಗೇತಿ. ಅಷ್ಟ ನೋಡು."

ಆ ಮಾತು ಕಾರ್ಯದರ್ಶಿ ಸಿದ್ರಾಮಣ್ಣನ ಕಿವಿಗೆ ಹೋಯಿತು. ಹಬ್ಬದ ಸಮಿತಿಯೆಂದರೆ ಅವನೇ. ಎಣ್ಣೆ ಗಿರಣಿಯ ಸಾಹುಕಾರ, ನಡುವೆ ನಡುವೆ ಕೆಮ್ಮುತ್ತ ಮಾತಾಡುತ್ತಾನೆ. ಕೆಟ್ಟವನಲ್ಲ, ಅದೇ ನನಗೆ ಇನ್ನೂ ಸಿಟ್ಟು. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಮಾರನೇ ದಿನವೇ ಶೆಡ್ಡಿಗೆ ಬಂದ.

"ಫಕೀರವ್ವಾ, ನಿನಗ ನೀರಿನ ಟಾಕಿ ಹಿಂದ ಛಲೋ ಜಾಗಾ ತಗದೀನಿ ನೋಡು. ನೆರಳೈತಿ, ನಳಾ ಐತಿ, ಬಾಜೂಕ ಸಂಡಾಸ ಐತಿ. ಈ ವಯಸ್ಸಿನಾಗ ಇನ್ನೇನ ಬೇಕು?"

"ನಾ ನಡು ಬೈಲು ಅಂದಿದ್ದೆರಿ" ಅಂದಳು ದೊಡ್ಡವ್ವ.

"ಅದು ಆಗೂದಿಲ್ಲವ್ವಾ. ಇದು ಒಂದು ದಿನದ ಮಾತಲ್ಲ. ಇನ್ನ ಮುಂದ ಪ್ರತಿ ವರ್ಷ ನೀ ಅಲ್ಲೇ ನಿಂತಿರ್ತಿ. ಬಲೂನ ಎಲ್ಲೆ ಹಾಸೂದು? ಸ್ಟೇಜಿನ ಮುಂದ, ಮಂತ್ರಿಗಳ ಕಣ್ಣೆದುರಿಗೇ ಒಬ್ಬ ಮುದುಕಿ ನಿಂತಿದ್ರ ಅವರು ಏನ್ ನೋಡಬೇಕು?"

ನನಗೆ ತಡೆಯಲಾಗಲಿಲ್ಲ. "ಹಂಗಾರ ಮಂತ್ರಿಗಳನ್ನ ಟಾಕಿ ಹಿಂದ ಕುಂದರಸ್ರಿ. ನೆರಳೈತಿ, ನಳಾ ಐತಿ, ಬಾಜೂಕ ಸಂಡಾಸ ಐತಿ!"

"ಲೇ ಯಮನೂರ್‍ಯಾ, ದೊಡ್ಡವರು ಮಾತಾಡೂವಾಗ ನಡುವ ಬಾಯಿ ಹಾಕಬ್ಯಾಡ" ಎಂದ ಸಿದ್ರಾಮಣ್ಣ. ನಾನು ಎದ್ದು ನಿಂತೆ. ನಾನು ಸಿಟ್ಟಿನಲ್ಲಿ ಎದ್ದರೆ ಶೆಡ್ಡಿನ ತಗಡು ಗಡಗಡ ಅನ್ನುತ್ತದೆ. ದೊಡ್ಡವ್ವ ನನ್ನ ಅಂಗಿಯ ತುದಿ ಹಿಡಿದು ಕೂರಿಸಿದಳು. ಆಕೆ ಕೂರಿಸಿದರೆ ಯಾರಾದರೂ ಕೂರಲೇಬೇಕು. ಸಾಹುಕಾರನ ಕಡೆ ತಿರುಗಿ, "ಆತ್ರಿ. ಟಾಕಿ ಹಿಂದ ಹಗ್ಗ ಹಿಡೀತೀನಿ" ಎಂದಳು.

ಆ ಸಂಜೆ ನಾನು ಆಕೆಯ ಮನೆಗೆ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. ಟಾಕಿಯ ಹಿಂದೆ ನಿಂತು ತಲೆ ಎತ್ತಿದರೆ ಕಾಣುವುದು ಟಾಕಿಯ ಹಸಿರು ಪಾಚಿಯ ಹೊಟ್ಟೆ ಒಂದೇ. ಹಬ್ಬದ ದಿನ ಜನ ಅಲ್ಲಿಗೆ ಬರುವುದು ಯಾತಕ್ಕೆ ಎಂದು ಎಲ್ಲರಿಗೂ ಗೊತ್ತು. "ಇನ್ನೊಂದು ಮೂತ್ರಿ ಹೋಟೆಲ್ಲ ಮಾಡ್ತಾರ ನಿನ್ನ!" ಎಂದು ಕೂಗಾಡಿದೆ. ದೊಡ್ಡವ್ವ ಕಲ್ಲುಕಟ್ಟೆಯ ಮೇಲೆ ಕೂತು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಯಾವ ವರ್ಷದ್ದೋ ಸಮಿತಿಯ ಕ್ಯಾಲೆಂಡರು, ತಿಂಗಳುಗಳೆಲ್ಲ ಹರಿದುಹೋಗಿ ಚಿತ್ರ ಮಾತ್ರ ಉಳಿದಿತ್ತು. ಆಕಾಶದ ತುಂಬ ಬಲೂನುಗಳು.

"ಯಮನೂರಾ, ಎಲ್ಲಾ ಕೂಡಿ ಮ್ಯಾಲೆ ಹೋದಾಗ ಹೆಂಗ ಕಾಣ್ತಾವಲೇ?"

ನನಗೂ ಗೊತ್ತಿರಲಿಲ್ಲ. ಹಗ್ಗ ಬಿಟ್ಟ ಕೂಡಲೇ ನಾವು ತಲೆ ಬಗ್ಗಿಸಿ ತಾಡಪತ್ರಿ ಸುತ್ತುತ್ತೇವೆ. ತಲೆ ಎತ್ತುವ ಹೊತ್ತಿಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಚೀಲಗಳ ನಡುವೆ ಸಿಕ್ಕಿಕೊಂಡಿರುತ್ತೇವೆ, ಜಾಲಿಗಿಡಗಳ ಸಂದಿನಲ್ಲಿ ನಮ್ಮದೊಂದೇ ಬಲೂನು ಅರ್ಧಮರ್ಧ ಕಾಣುತ್ತದೆ. ಊರಿನ ಹಬ್ಬವನ್ನು ಊರೆಲ್ಲ ನೋಡಿದೆ, ಹಗ್ಗದವರು ನೋಡಿಲ್ಲ.

"ಚಿತ್ರದಾಗ ಅವು ಅಲ್ಲಾಡೂದಿಲ್ಲ ನೋಡು" ಎಂದಳು ದೊಡ್ಡವ್ವ. ಅಷ್ಟೇ ಹೇಳಿ, ನನಗೆ ಒಂದು ಮುಷ್ಟಿ ಹುರಿದ ಶೇಂಗಾ ಕೊಟ್ಟಳು.

ಹಬ್ಬದ ಬೆಳಗು ಬಂತು. ಬೈಲಿನಲ್ಲಿ ಸಮಿತಿಯವರು ಸುಣ್ಣದ ಪುಡಿಯಿಂದ ದುಂಡಗೆ ಗೆರೆ ಎಳೆದಿದ್ದರು. ಒಂದೊಂದು ದುಂಡಿನಲ್ಲಿ ಒಂದೊಂದು ಬಲೂನು. ನಡುವಿನ ದುಂಡು ನನ್ನ ಪಾಲಿಗೆ ಬಂದಿತ್ತು. ದೊಡ್ಡವ್ವನನ್ನು ಟಾಕಿ ಹಿಂದೆ ಕಳಿಸಿ ನನಗೆ ನಡು ಬೈಲು ಕೊಟ್ಟಿದ್ದಾರಲ್ಲ ಎಂದು ಹಲ್ಲು ಕಡಿಯುತ್ತಲೇ ತಾಡಪತ್ರಿ ಹಾಸಿದೆ, ಹಲ್ಲು ಕಡಿಯುತ್ತಲೇ ಫ್ಯಾನು ಹಚ್ಚಿದೆ. ನಮ್ಮಲ್ಲಿ ಹಿಡಿದ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಹೊತ್ತಿಗೆ ಮುಂಚೆ ಬಿಡುವಂತಿಲ್ಲ, ಹೊತ್ತು ಮೀರಿ ಹಿಡಿಯುವಂತಿಲ್ಲ. ಹಾಗೆ ಮಾಡಿದವರನ್ನು ಮುಂದೆ ಯಾರೂ ಹಗ್ಗಕ್ಕೆ ಕರೆಯುವುದಿಲ್ಲ.

ಬಲೂನುಗಳು ಒಂದೊಂದಾಗಿ ಎದ್ದು ನಿಂತವು. ಆಗ ಟಾಕಿಯ ಕಡೆಯಿಂದ ಕೂಗಾಟ ಕೇಳಿಸಿತು. ತಿರುಗಿ ನೋಡಿದೆ. ಟಾಕಿಯ ಹಿಂದಿನಿಂದ ಒಂದು ಹಳದಿ ಬಲೂನು ನಮ್ಮ ಕಡೆಗೆ ಬರುತ್ತಿತ್ತು. ಹಾರುತ್ತ ಅಲ್ಲ, ನಡೆಯುತ್ತ. ಬುಟ್ಟಿ ನೆಲದಿಂದ ಮೊಣಕಾಲೆತ್ತರ ತೇಲುತ್ತಿದೆ, ಬುಟ್ಟಿಯೊಳಗಿನ ಪರವೂರ ಪೈಲಟ್ಟಮ್ಮ ಅದರ ಅಂಚನ್ನು ಅವಚಿ ನಿಂತು, "ಅಮ್ಮಾ, ಎಲ್ಲಿಗೆ ಕರ್ಕೊಂಡ್ ಹೋಗ್ತಿದೀರಾ? ಅಮ್ಮಾ!" ಎಂದು ಕೂಗುತ್ತಿದ್ದಾಳೆ. ಮುಂದೆ, ಎಮ್ಮೆ ಹಿಡಿದುಕೊಂಡು ಕೆರೆಗೆ ಹೊರಟವರ ಹಾಗೆ, ಹಗ್ಗವನ್ನು ಹೆಗಲಿಗೆ ಹಾಕಿ ನನ್ನ ದೊಡ್ಡವ್ವ.

ಎದ್ದು ನಿಂತ ಬಲೂನನ್ನು ಯಾರೂ ಹಾಗೆ ನಡೆಸಿದ್ದಿಲ್ಲ. ನಡೆಸುವಷ್ಟು ಭಾರ ಯಾರಿಗೂ ಇರಲಿಲ್ಲ. ಪ್ರತಿ ಹೆಜ್ಜೆಗೂ ಆಕೆ ಚಪ್ಪಲಿ ಕೀಳುತ್ತಿದ್ದಳು, ಇಡುತ್ತಿದ್ದಳು, ಇಟ್ಟ ಕಡೆ ನೆಲ ಹೂಂ ಅನ್ನುತ್ತಿತ್ತು. ಉಪ್ಪಿಟ್ಟಿನ ಡೇರೆಯ ಹತ್ತಿರ ಬಣ್ಣದ ಕಾಗದದ ತೋರಣ ಅಡ್ಡ ಬಂತು. ಜೈತುನಬಿ ತನ್ನ ಬಲೂನಿನ ಹಗ್ಗ ಒಂದು ಕೈಯಲ್ಲಿ ಹಿಡಿದೇ, ಇನ್ನೊಂದು ಕೈಯಿಂದ ತೋರಣ ಹರಿದು ಒಗೆದಳು. ಹಗ್ಗದವರೆಲ್ಲ ತಮ್ಮ ತಮ್ಮ ತಾಡಪತ್ರಿಯ ತುದಿ ಮಡಚಿ ದಾರಿ ಬಿಟ್ಟರು. ಯಾರೂ ಯಾರಿಗೂ ಹೇಳಿರಲಿಲ್ಲ.

ಸಿದ್ರಾಮಣ್ಣ ಸ್ಟೇಜಿನಿಂದ ಇಳಿದು ಓಡಿಬಂದು ಎರಡೂ ಕೈ ಚಾಚಿ ಆಕೆಯ ಮುಂದೆ ನಿಂತ. "ಫಕೀರವ್ವಾ! ಟಾಕಿ ಹಿಂದ ಅಂತ ಮಾತಾಗಿತ್ತು!"

"ಹಿಡಿಯೂದರ ಮಾತಾಗಿತ್ತರಿ. ಅಲ್ಲೇ ಹಿಡಿದೆ. ಬಿಡೂದು ಎಲ್ಲೆ ಅಂತ ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಎಂದಳು ದೊಡ್ಡವ್ವ. ನಿಲ್ಲಲಿಲ್ಲ. "ಸರೀರಿ ಸಾವ್ಕಾರ್ರ. ನನ್ನ ಕಾಲು ನಿಮ್ಮ ಕಾಲಮ್ಯಾಲೆ ಬಿತ್ತಂದ್ರ ಎತ್ತಾಕ ಊರೆಲ್ಲಾ ಬರಬೇಕಾಕ್ಕೈತಿ."

ಸಾಹುಕಾರ ತನ್ನ ಕಾಲು ನೋಡಿಕೊಂಡ. ಆಕೆಯ ಕಾಲು ನೋಡಿದ. ಸರಿದ.

ಈಗ ಉಳಿದದ್ದು ನಾನು. ನಡುವಿನ ದುಂಡಿನಲ್ಲಿ ನನ್ನ ಬಲೂನು ನಿಂತಿದೆ, ಹಗ್ಗ ನನ್ನ ಕೈಯಲ್ಲಿದೆ, ನನ್ನ ಪೈಲಟ್ಟು ಇನ್ನೂ ಬೆರಳು ಎತ್ತಿಲ್ಲ. ಬಿಡುವಂತಿಲ್ಲ, ಕೊಡುವಂತಿಲ್ಲ. ಸರಿಯಬೇಕು. ಆಕೆಯ ಹಾಗೆ ನಡೆಸುತ್ತೇನೆ ಎಂದು ಒಂದು ಹೆಜ್ಜೆ ಇಟ್ಟೆ ನೋಡಿ, ಬಲೂನು ನನ್ನನ್ನೇ ಎತ್ತಿ ಹಿಂದಕ್ಕೆ ಕುಕ್ಕಿತು. ನನ್ನ ಭಾರ ಎಷ್ಟರದು? ನಾಲ್ಕು ಹಬ್ಬ ಕಂಡು ಊರೆಲ್ಲ ಎದೆ ಎತ್ತಿ ತಿರುಗಿದವನು ನಾನು. ಆಕೆ ಹೊತ್ತದ್ದು ಏನು ಅಂತ ಆ ಹೊತ್ತಿನಲ್ಲಿ ನನ್ನ ಹೆಗಲಿಗೆ ತಿಳಿಯಿತು. ಮತ್ತೆ ಜಗ್ಗಿದೆ. ಕಾಲ್ಬೆರಳು ನೆಲದಲ್ಲಿ ಗೆರೆ ಕೊರೆಯಿತು, ಉಗುರು ಕಿತ್ತುಬಂತು. ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದೆ, ಹೆಡ್ ಮಾಸ್ತರರಿಂದ ಹಿಡಿದು ಎಣ್ಣೆ ಕಂಪನಿಯ ತನಕ ಯಾರನ್ನೂ ಬಿಡಲಿಲ್ಲ. ಸಿಟ್ಟು ಅಷ್ಟು ಕೆಲಸಕ್ಕೆ ಬಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಬಲೂನು ಒಂದು ಗೇಣು ಸರಿಯಿತು, ಒಂದು ಮೊಳ ಸರಿಯಿತು. ಪಕ್ಕದ ದುಂಡಿನವನೊಬ್ಬ ಒಂದು ಕೈಯಿಂದ ನನ್ನ ಸೊಂಟ ಹಿಡಿದು ಜಗ್ಗಿದ. ಸೊಂಟ ಹಿಡಿಯಬಾರದು ಎಂದು ಎಲ್ಲೂ ಇಲ್ಲ. ಗೆರೆ ದಾಟಿದೆವು.

ದೊಡ್ಡವ್ವ ನಡುವಿನ ದುಂಡಿಗೆ ಬಂದು ನಿಂತಳು. ಉಸಿರು ಹಾಕಿಕೊಂಡಳು. ನನ್ನ ಕಾಲಿನ ರಕ್ತ ನೋಡಿ, "ಉಗುರು ಮತ್ತ ಬರತೈತಿ, ಅಳಬ್ಯಾಡ" ಎಂದಳು. ನಾನೆಲ್ಲಿ ಅಳುತ್ತಿದ್ದೆ? ಬೆವರು ಅದು. ಆಮೇಲೆ ಆಕೆ ಅವಸರವಿಲ್ಲದೆ, ಬಾಡಿಗೆ ಮನೆ ನೋಡಲು ಬಂದವರ ಹಾಗೆ, ಸುತ್ತಲೂ ತಿರುಗಿ ನೋಡಿದಳು. ಮೊದಲು ಸ್ಟೇಜಿನ ಕಡೆ ಮುಖ ಮಾಡಿದಳು, ಬೇಡವೆನಿಸಿತು, ಅದಕ್ಕೆ ಬೆನ್ನು ಹಾಕಿದಳು. ಬಿಸಿಲು ಎದುರಿಗೆ ಬರುತ್ತದೆಂದು ಇನ್ನಷ್ಟು ತಿರುಗಿದಳು. ಹಗ್ಗದವರು, ಟ್ರ್ಯಾಕ್ಟರು, ಬೈಲಿನ ಆಚೆಯ ಹೊಲಗಳು ಕಾಣುವ ಹಾಗೆ ನಿಂತು, ಚಪ್ಪಲಿ ಕಿತ್ತು ಪಕ್ಕಕ್ಕೆ ಬಿಟ್ಟಳು. "ಇನ್ನ ಇವು ಯಾಕ ಬೇಕು."

ಪೈಲಟ್ಟಮ್ಮ ಕೆಳಗೆ ಬಾಗಿ ನೋಡಿದಳು. ಬಹುಶಃ ಬೈಯಬೇಕೆಂದಿದ್ದಳು. ದೊಡ್ಡವ್ವನ ಮುಖ ನೋಡಿ ಹೆಬ್ಬೆರಳು ಎತ್ತಿದಳು. ದೊಡ್ಡವ್ವ ಕೈ ಬಿಟ್ಟಳು. ಹೊತ್ತಿಗೆ ಮುಂಚೆಯೂ ಅಲ್ಲ, ಹೊತ್ತು ಮೀರಿಯೂ ಅಲ್ಲ. ಹಳದಿ ಬಲೂನು ಚೂರೂ ಅಲುಗದೆ ನೆಟ್ಟಗೆ ಎದ್ದು ಹೋಯಿತು. ಆಕೆಯ ಪಾದ ಕಣಕಾಲಿನ ತನಕ ನೆಲದಲ್ಲಿ ಇಳಿದು ಗಟ್ಟಿಯಾಯಿತು. ಆ ಕ್ಷಣದಲ್ಲಿ ಊರಿನ ಕೊಡಗಳ ನೀರೆಲ್ಲ ಒಮ್ಮೆ ನಡುಗಿ ನಿಂತಿತಂತೆ, ಆಮೇಲೆ ಮಂದಿ ಹೇಳಿದರು.

ಆಕೆಯ ಹಿಂದೆಯೇ ಉಳಿದವರೆಲ್ಲ ಬಿಟ್ಟೆವು. ನಾನೂ ಬಿಟ್ಟೆ. ಭಾರ ಕೈಯಿಂದ ಕಾಲಿಗೆ ಇಳಿದ ಕೂಡಲೇ ರೂಢಿಯಂತೆ ತಲೆ ಬಗ್ಗಿಸಿ ತಾಡಪತ್ರಿಗೆ ಕೈ ಹಾಕಿದೆ. ಆಗ ಬೆನ್ನ ಹಿಂದೆ ದೊಡ್ಡವ್ವನ ದನಿ ಕೇಳಿಸಿತು. ಅದು ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ.

"ಅಯ್ಯೋ ನಮ್ಮವ್ವ! ಇವು ತೆಳಗಿಂದ ಹಿಂಗ ಕಾಣ್ತಾವೇನಲೇ? ಇಷ್ಟು ದಿವಸ ಒಬ್ಬರರ ಹೇಳಬಾರದಾ!"

ಅದಾಗಿ ಒಂದು ವರ್ಷ ಕಳೆಯಿತು. ಹಳೆಯ ಬಲೂನುಗಳ ಬಟ್ಟೆಯಿಂದ ಜೈತುನಬಿ ದೊಡ್ಡವ್ವನ ಸುತ್ತ ನಾಲ್ಕು ಬಣ್ಣದ ನಾಲ್ಕು ಗೋಡೆ ಹೊಲಿದುಕೊಟ್ಟಿದ್ದಾಳೆ. ಮೇಲೆ ಚಾವಣಿ ಹಾಕಲು ಹೋದರೆ ಆಕೆ ಬಿಡಲಿಲ್ಲ. ಮಳೆ ಬಂದರೆ ಕೊಡೆ ಹಿಡಿಯುತ್ತಾಳೆ. ಓಣಿಯ ಹೆಂಗಸರು ಕೂಸುಗಳನ್ನು ಮಲಗಿಸಲು ಈಗ ಬೈಲಿಗೇ ತರುತ್ತಾರೆ. ಆಕೆ ನಡೆಯುವುದಿಲ್ಲ, ಆದರೆ ಜೋರಾಗಿ ನಕ್ಕರೆ ನೆಲ ಈಗಲೂ ನಡುಗುತ್ತದೆ. ಈ ಸಲ ಹಬ್ಬಕ್ಕೆ ಗೋಡೆ ಬಿಚ್ಚಿ, ಸಮಿತಿಯವರು ಆಕೆಯನ್ನು ನಡುವೆ ಇಟ್ಟುಕೊಂಡೇ ಸುಣ್ಣದ ದುಂಡು ಎಳೆದರು. ಆಕೆಯ ಬೆನ್ನು ನೋಡುತ್ತ ಕೂರಲು ಮಂತ್ರಿಗಳಿಗೆ ಸರಿ ಕಾಣುವುದಿಲ್ಲವೆಂದು ಸ್ಟೇಜನ್ನೇ ಕಿತ್ತು ಆಕೆಯ ಮುಖದ ಕಡೆ ತಂದು ಹಾಕಿದರು. ಸಿದ್ರಾಮಣ್ಣ ಮೈಕಿನಲ್ಲಿ, "ನಮ್ಮ ಹಬ್ಬಕ್ಕೆ ನಡುಗಂಬ ನಮ್ಮ ಫಕೀರವ್ವ" ಎಂದು ಭಾಷಣ ಮಾಡಿದ. ನಮ್ಮ ಅಂತೆ! ಎದ್ದುಹೋಗಿ ಮೈಕು ಕಸಿಯಬೇಕೆಂದಿದ್ದೆ. ಕೈಯಲ್ಲಿ ಹಗ್ಗ ಇತ್ತು, ಬದುಕಿದ.

ಹೆಬ್ಬೆರಳು ಎದ್ದವು, ಹಗ್ಗ ಬಿಟ್ಟೆವು. ತಲೆ ಬಗ್ಗಿಸಿ ತಾಡಪತ್ರಿ ಸುತ್ತತೊಡಗಿದೆವು. ಆಗ ನಡು ಬೈಲಿನಿಂದ ದೊಡ್ಡವ್ವ ಕೂಗಲು ಶುರು ಮಾಡಿದಳು. ಯಾರೂ ಆಕೆಗೆ ಆ ಕೆಲಸ ಹೇಳಿರಲಿಲ್ಲ. "ಕರೇಕಲ್ಲಾ, ನಿನ್ನ ಕೆಂಪಂದು ಗಿರಣಿ ಚಿಮಣಿ ದಾಟಿತು! ಶಾಂತವ್ವಾ, ನಿಂದು ಗುಡಾರದಂಗ ಬಾಗೇತಿ, ಹಾಂ, ಈಗ ನೆಟ್ಟಗಾತು! ನೀಲೀದು ಎರಡೂ ಒಂದಕ್ಕೊಂದು ಗುದ್ದತಾವ ಅನ್ನಷ್ಟರಾಗ ಬಿಟ್ಟಗೊಂಡವು ನೋಡ್ರಿ!" ನಾವು ಫ್ಯಾನು ಹೊರುತ್ತ, ಚೀಲ ಕಟ್ಟುತ್ತ ಕೇಳಿದೆವು. ಯಾರೂ ತಲೆ ಎತ್ತಲಿಲ್ಲ, ಎತ್ತುವ ಅಗತ್ಯ ಕಾಣಲಿಲ್ಲ. ಹಗ್ಗದವರು ತಮ್ಮ ಹಬ್ಬವನ್ನು ಪೂರ್ತಿ ಕಂಡದ್ದು ಈ ವರ್ಷವೇ.

ಟ್ರ್ಯಾಕ್ಟರ್ ಹತ್ತುವಾಗ ಆಕೆಯ ದನಿ ನನ್ನ ಹೆಸರು ಹಿಡಿದು ಬಂತು. "ಯಮನೂರಾ! ನಿಂದು ಎಲ್ಲಾದಕ್ಕಿಂತ ಮ್ಯಾಲೈತಲೇ!"

ನಾನು ಟ್ರೇಲರಿನಲ್ಲಿ ಎದೆ ಉಬ್ಬಿಸಿ ಕೂತೆ. ಪಕ್ಕದಲ್ಲಿ ಕೂತ ಜೈತುನಬಿ ನನ್ನ ಮುಖ ನೋಡಿ ಕಿಸಕ್ಕನೆ ನಕ್ಕಳು. "ಭಾಳ ಉಬ್ಬಬ್ಯಾಡೋ ತಮ್ಮಾ. ಈಗ ಸ್ವಲ್ಪ ಹೊತ್ತಿನ ಮೊದಲ ನನಗೂ ಹಂಗ ಅಂದ್ಲು, ನಿಂದs ಎಲ್ಲಾದಕ್ಕಿಂತ ಮ್ಯಾಲೈತಿ ಅಂತ."

"ನಿನಗ ಹೇಳಿದ್ದು ಸುಳ್ಳು, ನನಗ ಹೇಳಿದ್ದು ಖರೆ" ಎಂದೆ.

"ಆಹಾ! ನನಗ ಹೇಳಿದ್ದು ಖರೆ, ನೀ ಅಳ್ತಿ ಅಂತ ನಿನಗ ಹೇಳ್ಯಾಳ."

ನಾವಿಬ್ಬರೂ ಬಲೂನು ಇಳಿದ ಶೇಂಗಾ ಹೊಲ ಬರುವ ತನಕ ಜಗಳಾಡಿದೆವು. ಮೇಲೆ ನೋಡಿದ್ದರೆ ತೀರ್ಮಾನ ಆಗಿಬಿಡುತ್ತಿತ್ತು. ಇಬ್ಬರೂ ನೋಡಲಿಲ್ಲ.